ಅಂಡರ್‌ಗ್ರೌಂಡ್ ರೈಲ್‌ರೋಡ್

ಅಂಡರ್‌ಗ್ರೌಂಡ್ ರೈಲ್‌ರೋಡ್ (ಅರ್ಥ: ನೆಲದಡಿಯ ರೈಲುದಾರಿ) ಎಂಬುದು ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣದ ರಾಜ್ಯಗಳಲ್ಲಿ ಗುಲಾಮರಾಗಿದ್ದ ಆಫ್ರಿಕಾ ಮೂಲದ ಜನರು ತಪ್ಪಿಸಿಕೊಂಡು ಉತ್ತರದ ಸ್ವತಂತ್ರ ರಾಜ್ಯಗಳನ್ನೂ ಕೆನಡಾವನ್ನೂ ಸೇರಲು ನೆರವಾದ ಗುಪ್ತ ಜಾಲದ ಹೆಸರು. ಇದು ನಿಜವಾದ ರೈಲುಮಾರ್ಗವಾಗಿರಲಿಲ್ಲ, ನೆಲದಡಿಯಲ್ಲಿಯೂ ಇರಲಿಲ್ಲ. ಮನೆಗಳು, ಚರ್ಚುಗಳು, ಕೊಟ್ಟಿಗೆಗಳು, ಹಡಗುಗಳು, ಕಾಡಿನ ಹಾದಿಗಳು ಮತ್ತು ಇವುಗಳನ್ನು ಬಲ್ಲ ನಂಬಿಕಸ್ಥ ಜನರು ಸೇರಿ ಈ ಜಾಲವಾಗಿತ್ತು. 19ನೆಯ ಶತಮಾನದ ಆರಂಭದಿಂದ 1861ರಲ್ಲಿ ಅಮೆರಿಕದ ಅಂತರ್ಯುದ್ಧ ತೊಡಗುವವರೆಗೆ ಇದು ಕ್ರಿಯಾಶೀಲವಾಗಿತ್ತು. ಸ್ವತಂತ್ರರಾದ ಕಪ್ಪು ಜನರು, ಗುಲಾಮರಾಗಿಯೇ ಇದ್ದವರು, ಕ್ವೇಕರ್ ಪಂಥದವರು, ಪಾದ್ರಿಗಳು, ರೈತರು, ನಾವಿಕರು, ವಕೀಲರು ಹಾಗೂ ಗುಲಾಮಗಿರಿಯ ನಿರ್ಮೂಲನೆಗೆ ದುಡಿಯುತ್ತಿದ್ದ ಬಿಳಿಯರು ಇದರಲ್ಲಿ ಪಾಲ್ಗೊಂಡಿದ್ದರು. ಅಂದಿನ ಕಾನೂನಿನ ದೃಷ್ಟಿಯಲ್ಲಿ ಇವರು ಮಾಡುತ್ತಿದ್ದುದು ಅಪರಾಧವಾಗಿತ್ತು.

## ಹೆಸರು ಮತ್ತು ಸಂಕೇತಪದಗಳು

ಅಮೆರಿಕದಲ್ಲಿ ರೈಲುಗಳು ಹೊಸತಾಗಿ ಓಡತೊಡಗಿದ್ದ ಕಾಲದಲ್ಲಿ ಈ ಹೆಸರು ಹುಟ್ಟಿತು. 1831ರಲ್ಲಿ ಟೈಸ್ ಡೇವಿಡ್ಸ್ ಎಂಬಾತ ಕೆಂಟಕಿಯಿಂದ ಓಹಾಯೊ ನದಿಯನ್ನು ಈಜಿ ದಾಟಿ ಕಣ್ಮರೆಯಾದಾಗ, ಬೆನ್ನಟ್ಟಿ ಬಂದಿದ್ದ ಒಡೆಯನು ‘ಇವನು ನೆಲದೊಳಗಿನ ದಾರಿಯಲ್ಲಿ ಹೋದಂತಿದೆ’ ಎಂದು ಬೆರಗಾದನೆಂಬ ಕಥೆ ಪ್ರಚಲಿತವಾಗಿದೆ. ಇದು ಐತಿಹ್ಯವೇ ಹೊರತು ಸಿದ್ಧಪಟ್ಟ ಸಂಗತಿಯಲ್ಲ. 1840ರ ದಶಕದಲ್ಲಿ ಈ ಹೆಸರು ಪತ್ರಿಕೆಗಳಲ್ಲಿ ರೂಢಿಗೆ ಬಂದಿತು.

ಹೆಸರಿಗೆ ತಕ್ಕಂತೆ ರೈಲ್ವೆಯ ಪದಗಳೇ ಜಾಲದ ಸಂಕೇತಭಾಷೆಯಾದವು:

- ಕಂಡಕ್ಟರ್: ಓಡಿಬಂದವರನ್ನು ಒಂದು ನೆಲೆಯಿಂದ ಮತ್ತೊಂದಕ್ಕೆ ಕರೆದೊಯ್ಯುವವರು
- ಸ್ಟೇಷನ್: ಅಡಗಿಕೊಳ್ಳಲು ಆಶ್ರಯ ದೊರೆಯುವ ಮನೆ ಅಥವಾ ಸ್ಥಳ
- ಸ್ಟೇಷನ್ ಮಾಸ್ಟರ್: ಅಂತಹ ಮನೆಯ ಯಜಮಾನ ಅಥವಾ ಯಜಮಾನಿ
- ಪ್ರಯಾಣಿಕ, ಸರಕು: ಸ್ವಾತಂತ್ರ್ಯವನ್ನು ಅರಸಿ ಹೊರಟವರು
- ಷೇರುದಾರ: ಹಣ, ಬಟ್ಟೆ, ಆಹಾರ ಒದಗಿಸುವವರು

ಪತ್ರ ಬರೆಯುವಾಗ ‘ಇಷ್ಟು ಮೂಟೆ ಸರಕು ಕಳುಹಿಸಿದ್ದೇವೆ’ ಎಂಬಂತಹ ಒಕ್ಕಣೆಯನ್ನು ಬಳಸಿದರೆ, ಪತ್ರ ಅನ್ಯರ ಕೈಗೆ ಸಿಕ್ಕರೂ ವ್ಯಾಪಾರದ ಮಾತಿನಂತೆ ಕಾಣುತ್ತಿತ್ತು.

## ಹಿನ್ನೆಲೆ

1860ರ ಜನಗಣತಿಯ ಪ್ರಕಾರ ಅಮೆರಿಕದಲ್ಲಿ 39 ಲಕ್ಷಕ್ಕೂ ಹೆಚ್ಚು ಮಂದಿ ಗುಲಾಮರಿದ್ದರು. ಕಾನೂನು ಅವರನ್ನು ಒಡೆಯನ ಸ್ವತ್ತು ಎಂದು ಪರಿಗಣಿಸಿತ್ತು. ಅವರ ವಿವಾಹಕ್ಕೆ ಕಾನೂನಿನ ಮಾನ್ಯತೆ ಇರಲಿಲ್ಲ. ತಾಯಿ ಗುಲಾಮಳಾಗಿದ್ದರೆ ಮಕ್ಕಳೂ ಹುಟ್ಟಿನಿಂದಲೇ ಗುಲಾಮರು. ಒಡೆಯನು ಸತ್ತಾಗ, ಸಾಲದಲ್ಲಿ ಮುಳುಗಿದಾಗ ಅಥವಾ ಹತ್ತಿಯ ಬೆಲೆ ಏರಿದಾಗ ಗಂಡನನ್ನು ಒಂದೆಡೆಗೆ, ಹೆಂಡತಿಯನ್ನು ಇನ್ನೊಂದೆಡೆಗೆ, ಮಕ್ಕಳನ್ನು ಮತ್ತೊಂದೆಡೆಗೆ ಮಾರುವುದು ಸಾಮಾನ್ಯವಾಗಿತ್ತು. ಓಡಿಹೋದವರು ಹೇಳಿದ ಕಾರಣಗಳಲ್ಲಿ ಹೊಡೆತ ಬಡಿತಗಳಷ್ಟೇ ಪ್ರಮುಖವಾಗಿ ಕಾಣುವುದು ಈ ಮಾರಾಟದ ಭಯ.

ಓಡಿಹೋದವರನ್ನು ಒಡೆಯರಿಗೆ ಹಿಂದಿರುಗಿಸಬೇಕೆಂಬ ವಿಧಿ ಅಮೆರಿಕದ ಸಂವಿಧಾನದ 4ನೆಯ ಅನುಚ್ಛೇದದಲ್ಲಿಯೇ ಇತ್ತು. ಇದನ್ನು ಜಾರಿಗೆ ತರಲು 1793ರಲ್ಲಿ ಮೊದಲನೆಯ ಪಲಾಯಿತ ಗುಲಾಮರ ಕಾಯಿದೆ ಬಂದಿತು. ಆದರೆ ಉತ್ತರದ ರಾಜ್ಯಗಳು ಒಂದೊಂದಾಗಿ ತಮ್ಮಲ್ಲಿ ಗುಲಾಮಗಿರಿಯನ್ನು ಕೊನೆಗಾಣಿಸಿದಂತೆ ಅಲ್ಲಿ ಸ್ವತಂತ್ರ ಕಪ್ಪು ಜನರ ನೆಲೆಗಳು ಬೆಳೆದವು, ಓಡಿಬಂದವರಿಗೆ ಆಶ್ರಯವೂ ದೊರೆಯತೊಡಗಿತು.

ಕ್ವೇಕರ್ ಪಂಥದವರು 18ನೆಯ ಶತಮಾನದಲ್ಲಿಯೇ ತಮ್ಮ ಸದಸ್ಯರು ಗುಲಾಮರನ್ನು ಇಟ್ಟುಕೊಳ್ಳುವುದನ್ನು ನಿಷೇಧಿಸಿದ್ದರು. ಓಡಿಹೋದವರಿಗೆ ಫಿಲಡೆಲ್ಫಿಯಾದ ಕ್ವೇಕರರು ನೆರವಾಗುತ್ತಾರೆಂದು ಜಾರ್ಜ್ ವಾಷಿಂಗ್ಟನ್ 1786ರಲ್ಲಿಯೇ ಪತ್ರವೊಂದರಲ್ಲಿ ದೂರಿದ್ದರು. ಆದರೂ ಎಲ್ಲ ಕ್ವೇಕರರೂ ಈ ಕೆಲಸವನ್ನು ಒಪ್ಪುತ್ತಿರಲಿಲ್ಲ. ಕಾನೂನು ಮುರಿಯುವುದು ಸರಿಯೇ ಎಂಬ ಪ್ರಶ್ನೆ ಅವರೊಳಗೂ ಒಡಕು ತಂದಿತ್ತು.

## ಸಂಘಟನೆ ಮತ್ತು ಕಾರ್ಯವಿಧಾನ

ಇಡೀ ದೇಶಕ್ಕೆ ಒಬ್ಬ ನಾಯಕ, ಒಂದು ಕೇಂದ್ರ ಕಚೇರಿ ಎಂಬುದು ಈ ಜಾಲಕ್ಕೆ ಇರಲಿಲ್ಲ. ಹೆಚ್ಚಿನವರಿಗೆ ತಮ್ಮ ಹಿಂದಿನ ಮತ್ತು ಮುಂದಿನ ಒಂದೆರಡು ನೆಲೆಗಳ ಹೊರತು ಬೇರೇನೂ ತಿಳಿದಿರುತ್ತಿರಲಿಲ್ಲ. ಒಬ್ಬರು ಸಿಕ್ಕಿಬಿದ್ದರೂ ಉಳಿದವರು ಸುರಕ್ಷಿತವಾಗಿರಲು ಇದು ಅನುಕೂಲವಾಗಿತ್ತು.

ಪ್ರಯಾಣದ ಅತ್ಯಂತ ಕಠಿಣ ಭಾಗವೆಂದರೆ ಮೊದಲನೆಯದು. ತೋಟದಿಂದ ಹೊರಟು ಸ್ವತಂತ್ರ ರಾಜ್ಯದ ಗಡಿ ತಲಪುವವರೆಗೆ ಬಹುತೇಕರು ಯಾವ ಸಂಘಟಿತ ನೆರವೂ ಇಲ್ಲದೆ, ತಮ್ಮ ಧೈರ್ಯವನ್ನೇ ನೆಚ್ಚಿ, ರಾತ್ರಿ ಧ್ರುವನಕ್ಷತ್ರವನ್ನು ನೋಡಿ ನಡೆಯುತ್ತಿದ್ದರು. ಹಗಲಿನಲ್ಲಿ ಕಾಡು, ಜೌಗು, ಹುಲ್ಲಿನ ಬಣವೆಗಳಲ್ಲಿ ಅಡಗುತ್ತಿದ್ದರು. ದಾರಿಯಲ್ಲಿ ಅನ್ನ ನೀರು ಕೊಟ್ಟು, ಕಾವಲುಗಾರರ ಸುಳಿವು ಹೇಳಿ ಕಾಪಾಡುತ್ತಿದ್ದವರು ಹೆಚ್ಚಾಗಿ ಬೇರೆ ತೋಟಗಳ ಗುಲಾಮರೇ. ಗುಲಾಮರಲ್ಲಿ ಬಹುಮಂದಿಗೆ ಓದುಬರಹ ಕಲಿಯಲು ಅವಕಾಶವಿರಲಿಲ್ಲ. ಒಡೆಯನ ಪರವಾನಗಿ ಚೀಟಿಯಿಲ್ಲದೆ ದಾರಿಯಲ್ಲಿ ಕಂಡವರನ್ನು ಯಾವ ಬಿಳಿಯನಾದರೂ ತಡೆಯಬಹುದಾಗಿತ್ತು. ವಾಸನೆ ಹಿಡಿಯುವ ನಾಯಿಗಳೊಂದಿಗೆ ಬೇಟೆಗೆ ಹೊರಡುವ ವೃತ್ತಿನಿರತ ಗುಲಾಮಹಿಡುಕರೂ ಇದ್ದರು.

ಗಡಿ ದಾಟಿದ ಮೇಲೆ ನೆರವಿಗೆ ಬರುತ್ತಿದ್ದವು ‘ಜಾಗೃತಿ ಸಮಿತಿ’ಗಳು. ನ್ಯೂಯಾರ್ಕಿನಲ್ಲಿ 1835ರಲ್ಲಿ ಡೇವಿಡ್ ರಗಲ್ಸ್ ಎಂಬ ಕಪ್ಪು ಪತ್ರಕರ್ತರ ಮುಂದಾಳತ್ವದಲ್ಲಿ ಇಂತಹ ಸಮಿತಿ ಹುಟ್ಟಿತು. 1838ರಲ್ಲಿ ಮೇರಿಲ್ಯಾಂಡಿನಿಂದ ತಪ್ಪಿಸಿಕೊಂಡು ಬಂದ ಯುವಕ ಫ್ರೆಡರಿಕ್ ಡಗ್ಲಸ್ ಅವರಿಗೆ ರಗಲ್ಸ್ ತಮ್ಮ ಮನೆಯಲ್ಲಿ ಆಶ್ರಯ ಕೊಟ್ಟರು. ಫಿಲಡೆಲ್ಫಿಯಾದಲ್ಲಿ ರಾಬರ್ಟ್ ಪರ್ವಿಸ್ ಮತ್ತಿತರರು 1837ರಲ್ಲಿ ಸಮಿತಿಯನ್ನು ಕಟ್ಟಿದರು. ಈ ಸಮಿತಿಗಳು ಊಟ, ಬಟ್ಟೆ, ಔಷಧ, ಟಿಕೆಟ್ಟಿನ ಹಣ ಒದಗಿಸುವುದಲ್ಲದೆ ವಕೀಲರನ್ನು ಗೊತ್ತುಮಾಡುತ್ತಿದ್ದವು; ಗುಲಾಮಹಿಡುಕರು ಊರಿಗೆ ಬಂದಾಗ ಜನರನ್ನು ಎಚ್ಚರಿಸುತ್ತಿದ್ದವು. ಹುಟ್ಟಿನಿಂದ ಸ್ವತಂತ್ರರಾಗಿದ್ದ ಕಪ್ಪು ಜನರನ್ನೂ ಅಪಹರಿಸಿ ದಕ್ಷಿಣದಲ್ಲಿ ಮಾರುವ ದಂಧೆ ಆಗ ನಡೆಯುತ್ತಿತ್ತು. ನ್ಯೂಯಾರ್ಕ್ ರಾಜ್ಯದ ಸಾಲೊಮನ್ ನಾರ್ಥಪ್ 1841ರಲ್ಲಿ ಹೀಗೆ ಮಾರಲ್ಪಟ್ಟು 12 ವರ್ಷಗಳ ಬಳಿಕ ಬಿಡುಗಡೆ ಹೊಂದಿದರು.

## ಪ್ರಮುಖ ಮಾರ್ಗಗಳು

ಪೂರ್ವದ ಮಾರ್ಗ: ಮೇರಿಲ್ಯಾಂಡ್ ಮತ್ತು ಡೆಲವೇರ್‌ಗಳಿಂದ ವಿಲ್ಮಿಂಗ್ಟನ್, ಫಿಲಡೆಲ್ಫಿಯಾ, ನ್ಯೂಯಾರ್ಕ್, ಆಲ್ಬನಿ, ಸಿರಕ್ಯೂಸ್, ರಾಚೆಸ್ಟರ್ ಮೂಲಕ ನಯಾಗರಾ ದಾಟಿ ಕೆನಡಾದ ಸೇಂಟ್ ಕ್ಯಾಥರೀನ್ಸ್ ಊರಿಗೆ. 1840ರ ದಶಕದ ಬಳಿಕ ಈ ಹಾದಿಯಲ್ಲಿ ನಿಜವಾದ ರೈಲುಗಳೂ ಬಳಕೆಯಾದವು.

ಓಹಾಯೊ ಮಾರ್ಗ: ಕೆಂಟಕಿ ಮತ್ತು ವರ್ಜೀನಿಯಾಗಳಿಂದ ಓಹಾಯೊ ನದಿಯನ್ನು ದಾಟಿ ಸಿನ್ಸಿನಾಟಿ ಅಥವಾ ರಿಪ್ಲಿ, ಅಲ್ಲಿಂದ ಒಬರ್ಲಿನ್, ಸ್ಯಾಂಡಸ್ಕಿ, ಡೆಟ್ರಾಯಿಟ್ ಮೊದಲಾದ ಊರುಗಳು, ಕೊನೆಗೆ ಈರೀ ಸರೋವರ ಅಥವಾ ಡೆಟ್ರಾಯಿಟ್ ನದಿಯನ್ನು ದಾಟಿ ಕೆನಡಾಕ್ಕೆ. ಕಠಿಣ ಚಳಿಗಾಲದಲ್ಲಿ ಓಹಾಯೊ ನದಿ ಹೆಪ್ಪುಗಟ್ಟಿದಾಗ ಮಂಜಿನ ಮೇಲೆಯೇ ನಡೆದು ದಾಟಿದವರುಂಟು.

ಸಮುದ್ರಮಾರ್ಗ: ನಾರ್ಫೋಕ್‌ನಂತಹ ದಕ್ಷಿಣದ ಬಂದರುಗಳಿಂದ ಹಡಗುಗಳಲ್ಲಿ ಅಡಗಿ ಫಿಲಡೆಲ್ಫಿಯಾ, ನ್ಯೂ ಬೆಡ್‌ಫರ್ಡ್, ಬಾಸ್ಟನ್‌ಗಳಿಗೆ. ನಾರ್ತ್ ಕೆರೊಲಿನಾದ ಹ್ಯಾರಿಯೆಟ್ ಜೇಕಬ್ಸ್ ತಮ್ಮ ಅಜ್ಜಿಯ ಮನೆಯ ಸೂರಿನಡಿಯ ಇಕ್ಕಟ್ಟಾದ ಅಟ್ಟದಲ್ಲಿ ಸುಮಾರು 7 ವರ್ಷ ಅಡಗಿದ್ದು, 1842ರಲ್ಲಿ ಹಡಗಿನಲ್ಲಿ ಉತ್ತರಕ್ಕೆ ಪಾರಾದರು.

ದಕ್ಷಿಣದ ಮಾರ್ಗ: ಟೆಕ್ಸಾಸ್ ಮತ್ತು ಲೂಸಿಯಾನಗಳಿಂದ ರಿಯೊ ಗ್ರಾಂಡೆ ನದಿಯನ್ನು ದಾಟಿ ಮೆಕ್ಸಿಕೊಕ್ಕೆ. ಮೆಕ್ಸಿಕೊ 1829ರಲ್ಲಿ ಗುಲಾಮಗಿರಿಯನ್ನು ರದ್ದುಪಡಿಸಿತ್ತು. ಇದಕ್ಕೂ ಬಹಳ ಹಿಂದೆ, ಸ್ಪೇನಿನ ಆಡಳಿತದಲ್ಲಿದ್ದ ಫ್ಲಾರಿಡಾ ಸಹ ಓಡಿಬಂದವರಿಗೆ ಆಶ್ರಯತಾಣವಾಗಿತ್ತು. 1738ರಲ್ಲಿ ಅಲ್ಲಿ ಫೋರ್ಟ್ ಮೋಸೆ ಎಂಬ ಸ್ವತಂತ್ರ ಕಪ್ಪು ಜನರ ನೆಲೆ ಸ್ಥಾಪನೆಯಾಯಿತು.

## ಪ್ರಮುಖ ವ್ಯಕ್ತಿಗಳು

### ವಿಲಿಯಂ ಸ್ಟಿಲ್

ವಿಲಿಯಂ ಸ್ಟಿಲ್ (1821–1902) ನ್ಯೂಜೆರ್ಸಿಯಲ್ಲಿ ಸ್ವತಂತ್ರರಾಗಿ ಜನಿಸಿದರು. ತಂದೆ ಹಣ ಕೊಟ್ಟು ಸ್ವಾತಂತ್ರ್ಯ ಕೊಂಡಿದ್ದರು. ತಾಯಿ ಮೇರಿಲ್ಯಾಂಡಿನಿಂದ ಓಡಿಬಂದವರು. ಓಡುವಾಗ ಎಲ್ಲ ಮಕ್ಕಳನ್ನೂ ಕರೆದೊಯ್ಯಲಾಗದೆ ಆಕೆ ಲೆವಿನ್ ಮತ್ತು ಪೀಟರ್ ಎಂಬ ಇಬ್ಬರು ಗಂಡುಮಕ್ಕಳನ್ನು ಅಲ್ಲಿಯೇ ಬಿಟ್ಟುಬಂದಿದ್ದರು. ಆ ಮಕ್ಕಳನ್ನು ಒಡೆಯನು ದೂರದ ದಕ್ಷಿಣಕ್ಕೆ ಮಾರಿಬಿಟ್ಟನು.

1847ರಲ್ಲಿ ಸ್ಟಿಲ್ ಫಿಲಡೆಲ್ಫಿಯಾದ ಗುಲಾಮಗಿರಿ ವಿರೋಧಿ ಸಂಘದ ಕಚೇರಿಯಲ್ಲಿ ಕೆಲಸಕ್ಕೆ ಸೇರಿದರು. 1850ರ ಆಗಸ್ಟ್‌ನಲ್ಲಿ ಅಲಬಾಮದಿಂದ ಬಂದ ನಡುವಯಸ್ಸಿನವರೊಬ್ಬರು ತಮ್ಮ ಕುಟುಂಬವನ್ನು ಹುಡುಕಿಕೊಂಡು ಆ ಕಚೇರಿಗೆ ಬಂದರು. ದುಡಿದು ಉಳಿಸಿದ ಹಣದಿಂದ ಸ್ವಾತಂತ್ರ್ಯವನ್ನು ಕೊಂಡಿದ್ದ ಅವರು ತಮ್ಮ ತಂದೆತಾಯಿಯರ ಹೆಸರನ್ನು ಹೇಳಿದಾಗ, ಎದುರಿಗೆ ನಿಂತಿರುವವರು ತಮ್ಮ ಒಡಹುಟ್ಟಿದ ಅಣ್ಣ ಪೀಟರ್ ಎಂಬುದು ಸ್ಟಿಲ್ ಅವರಿಗೆ ಅರಿವಾಯಿತು. ಇನ್ನೊಬ್ಬ ಅಣ್ಣ ಲೆವಿನ್ ಗುಲಾಮಗಿರಿಯಲ್ಲಿಯೇ ತೀರಿಕೊಂಡಿದ್ದರು. ಪೀಟರ್ ಅವರ ಹೆಂಡತಿ ಮಕ್ಕಳನ್ನು ಅಲಬಾಮದಿಂದ ಕರೆತರಲು ಹೋದ ಸೆತ್ ಕಾಂಕ್ಲಿನ್ ಎಂಬ ಬಿಳಿಯ ಹೋರಾಟಗಾರರು 1851ರಲ್ಲಿ ಇಂಡಿಯಾನದಲ್ಲಿ ಸಿಕ್ಕಿಬಿದ್ದರು. ದಕ್ಷಿಣಕ್ಕೆ ಒಯ್ಯುವಾಗ ಅವರ ದೇಹ ಸರಪಳಿಗಳ ಸಮೇತ ನದಿಯಲ್ಲಿ ಸಿಕ್ಕಿತು. ಮುಂದೆ ಪೀಟರ್ ಊರೂರು ಸುತ್ತಿ 5,000 ಡಾಲರ್ ಚಂದಾ ಎತ್ತಿ ತಮ್ಮ ಕುಟುಂಬವನ್ನು ಬಿಡಿಸಿಕೊಂಡರು.

ಕಚೇರಿಗೆ ಬಂದವರ ವಿವರಗಳನ್ನು ಬರೆದಿಟ್ಟರೆ ಚೆದುರಿದ ಕುಟುಂಬಗಳು ಒಂದುಗೂಡಬಹುದೆಂಬ ವಿಶ್ವಾಸ ಸ್ಟಿಲ್ ಅವರಿಗೆ ಈ ಘಟನೆಯಿಂದ ದೃಢವಾಯಿತು. 1852ರ ಡಿಸೆಂಬರ್‌ನಲ್ಲಿ ಫಿಲಡೆಲ್ಫಿಯಾದ ಸಮಿತಿ ಪುನರ್ರಚನೆಗೊಂಡಾಗ ಅದರ ಕಾರ್ಯಕಾರಿ ಮಂಡಳಿಯ ಹೊಣೆ ಅವರಿಗೆ ಬಂದಿತು. ಬಂದವರ ಹಳೆಯ ಹೆಸರು, ಹೊಸ ಹೆಸರು, ವಯಸ್ಸು, ಒಡೆಯನ ಹೆಸರು, ಬಿಟ್ಟುಬಂದ ಬಂಧುಗಳು, ಓಡಿಬಂದ ಕಾರಣ, ಸಮಿತಿ ಮಾಡಿದ ಖರ್ಚು ಎಲ್ಲವನ್ನೂ ಅವರು ದಾಖಲಿಸಿದರು. ಈ ಕಾಗದಗಳು ಅಧಿಕಾರಿಗಳ ಕೈಸೇರಿದ್ದರೆ ಅನೇಕರು ಮತ್ತೆ ಗುಲಾಮರಾಗುತ್ತಿದ್ದರು. ಆದಕಾರಣ ಅವುಗಳನ್ನು ಸ್ಮಶಾನದ ಕಟ್ಟಡವೊಂದರಲ್ಲಿ ಬಚ್ಚಿಡಲಾಗಿತ್ತು. ಈ ದಾಖಲೆಗಳ ಆಧಾರದಿಂದ ಅವರು 1872ರಲ್ಲಿ ‘ದಿ ಅಂಡರ್‌ಗ್ರೌಂಡ್ ರೈಲ್ ರೋಡ್’ ಎಂಬ ಬೃಹತ್ ಗ್ರಂಥವನ್ನು ಪ್ರಕಟಿಸಿದರು. ಜಾಲದ ಬಗ್ಗೆ ಉಳಿದಿರುವ ಅತ್ಯಂತ ಮಹತ್ವದ ಸಮಕಾಲೀನ ಆಕರ ಇದೇ.

### ಹ್ಯಾರಿಯೆಟ್ ಟಬ್‌ಮನ್

ಹ್ಯಾರಿಯೆಟ್ ಟಬ್‌ಮನ್ ಸುಮಾರು 1822ರಲ್ಲಿ ಮೇರಿಲ್ಯಾಂಡಿನ ಡಾರ್ಚೆಸ್ಟರ್ ಕೌಂಟಿಯಲ್ಲಿ ಗುಲಾಮರಾಗಿ ಜನಿಸಿದರು. ಹುಟ್ಟುಹೆಸರು ಅರಮಿಂಟಾ ರಾಸ್. ಬಾಲ್ಯದಲ್ಲಿ ಮೇಸ್ತ್ರಿಯೊಬ್ಬ ಬೇರೊಬ್ಬನತ್ತ ಎಸೆದ ಲೋಹದ ತೂಕದ ಬಟ್ಟು ತಲೆಗೆ ಬಡಿದು, ಇದ್ದಕ್ಕಿದ್ದಂತೆ ನಿದ್ರೆಗೆ ಜಾರುವ ತೊಂದರೆ ಜೀವಮಾನವಿಡೀ ಉಳಿಯಿತು. 1849ರಲ್ಲಿ ಅವರು ತಪ್ಪಿಸಿಕೊಂಡು ಫಿಲಡೆಲ್ಫಿಯಾ ಸೇರಿದರು. ಆ ಬಳಿಕ 1860ರವರೆಗೆ ಸುಮಾರು 13 ಬಾರಿ ಮೇರಿಲ್ಯಾಂಡಿಗೆ ಮರಳಿ ಸುಮಾರು 70 ಜನರನ್ನು ಬಿಡಿಸಿ ತಂದರು. ರಾತ್ರಿ ದೀರ್ಘವಾಗಿರುವ ಚಳಿಗಾಲವನ್ನೇ ಹೆಚ್ಚಾಗಿ ಆರಿಸಿಕೊಳ್ಳುತ್ತಿದ್ದರು.

1854ರ ಕ್ರಿಸ್‌ಮಸ್ ಸಮಯದ ಪ್ರಯಾಣ ಪ್ರಸಿದ್ಧವಾದುದು. ಹಬ್ಬ ಮುಗಿದೊಡನೆ ತಮ್ಮನ್ನು ಮಾರಲಾಗುವುದೆಂದು ತಿಳಿದಿದ್ದ ಅವರ ಸಹೋದರರು ತಂದೆತಾಯಿಯರ ಗುಡಿಸಲಿನ ಬಳಿಯ ಮೇವಿನ ಕೊಟ್ಟಿಗೆಯಲ್ಲಿ ಅಡಗಿದ್ದರು. ತಾಯಿ ಮಕ್ಕಳು ಹಬ್ಬದೂಟಕ್ಕೆ ಬರುವರೆಂದು ದಾರಿ ಕಾಯುತ್ತಿದ್ದರು. ಆಕೆ ಕಂಡರೆ ದುಃಖ ತಡೆಯಲಾರದೆ ಕೂಗಿಕೊಳ್ಳಬಹುದೆಂಬ ಭಯದಿಂದ ಮಕ್ಕಳು ಎದುರಿಗೆ ಬರಲಿಲ್ಲ. ಗೋಡೆಯ ಸಂದಿನಿಂದಲೇ ತಾಯಿಯನ್ನು ನೋಡಿ ಹೊರಟರು. ತಂದೆ ಬೆನ್ ರಾಸ್ ಆಹಾರ ತಂದುಕೊಟ್ಟು ಸ್ವಲ್ಪ ದೂರ ಜೊತೆಯಲ್ಲಿ ನಡೆದರು, ಆದರೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡಿದ್ದರು. ನಾಳೆ ವಿಚಾರಣೆಯಾದಾಗ ‘ನಾನು ನನ್ನ ಮಕ್ಕಳನ್ನು ನೋಡಲಿಲ್ಲ’ ಎಂದು ಸುಳ್ಳಾಡದೆ ಹೇಳಬೇಕೆಂಬುದು ಅವರ ಉದ್ದೇಶವಾಗಿತ್ತು. ಡಿಸೆಂಬರ್ 29ರಂದು ಈ ತಂಡ ಫಿಲಡೆಲ್ಫಿಯಾ ತಲಪಿತೆಂದು ಸ್ಟಿಲ್ ಅವರ ದಾಖಲೆ ತಿಳಿಸುತ್ತದೆ. 1857ರಲ್ಲಿ ಟಬ್‌ಮನ್ ತಮ್ಮ ವೃದ್ಧ ತಂದೆತಾಯಿಯರನ್ನೂ ಕರೆತಂದರು.

ಅಂತರ್ಯುದ್ಧದಲ್ಲಿ ಅವರು ಉತ್ತರದ ಸೇನೆಗೆ ದಾದಿಯಾಗಿಯೂ ಬೇಹುಗಾರರಾಗಿಯೂ ಸೇವೆ ಸಲ್ಲಿಸಿದರು. 1863ರ ಜೂನ್‌ನಲ್ಲಿ ಸೌತ್ ಕೆರೊಲಿನಾದ ಕಂಬಾಹೀ ನದಿಯಲ್ಲಿ ನಡೆದ ದಾಳಿಗೆ ಮಾರ್ಗದರ್ಶನ ನೀಡಿದರು. ಅಂದು 700ಕ್ಕೂ ಹೆಚ್ಚು ಜನ ವಿಮೋಚನೆ ಹೊಂದಿದರು. 1913ರ ಮಾರ್ಚ್ 10ರಂದು ನ್ಯೂಯಾರ್ಕ್ ರಾಜ್ಯದ ಆಬರ್ನ್‌ನಲ್ಲಿ ಅವರು ನಿಧನರಾದರು.

### ಲೆವಿ ಕಾಫಿನ್ ಮತ್ತು ಕ್ಯಾಥರೀನ್ ಕಾಫಿನ್

ನಾರ್ತ್ ಕೆರೊಲಿನಾದ ಕ್ವೇಕರ್ ಕುಟುಂಬದಲ್ಲಿ 1798ರಲ್ಲಿ ಜನಿಸಿದ ಲೆವಿ ಕಾಫಿನ್ 1826ರಲ್ಲಿ ಇಂಡಿಯಾನದ ನ್ಯೂಪೋರ್ಟ್‌ಗೆ ಬಂದು ವ್ಯಾಪಾರ ಆರಂಭಿಸಿದರು. ಸುಮಾರು 20 ವರ್ಷಗಳಲ್ಲಿ 2,000ದಷ್ಟು ಜನರಿಗೆ ಅವರ ಮನೆಯಲ್ಲಿ ಆಶ್ರಯ ದೊರೆಯಿತೆಂದು ಅಂದಾಜು. ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲು ತಟ್ಟಿದವರಿಗೆ ಅಡುಗೆ ಮಾಡಿ ಬಡಿಸುವ, ಬಟ್ಟೆ ಹೊಲಿದುಕೊಡುವ ಕೆಲಸ ಪತ್ನಿ ಕ್ಯಾಥರೀನ್ ಅವರದಾಗಿತ್ತು. 1847ರಲ್ಲಿ ಸಿನ್ಸಿನಾಟಿಗೆ ಹೋದ ಕಾಫಿನ್, ಗುಲಾಮರ ದುಡಿಮೆಯಿಂದ ತಯಾರಾಗದ ವಸ್ತುಗಳನ್ನು ಮಾತ್ರ ಮಾರುವ ಅಂಗಡಿಯನ್ನು ಅಲ್ಲಿ ನಡೆಸಿದರು.

### ಜಾನ್ ರ‍್ಯಾಂಕಿನ್ ಮತ್ತು ಜಾನ್ ಪಿ. ಪಾರ್ಕರ್

ಓಹಾಯೊ ನದಿಯ ದಂಡೆಯ ರಿಪ್ಲಿ ಎಂಬ ಸಣ್ಣ ಊರಿನಲ್ಲಿ ಇಬ್ಬರು ಬಹುಭಿನ್ನ ವ್ಯಕ್ತಿಗಳು ಈ ಕಾರ್ಯದಲ್ಲಿ ತೊಡಗಿದ್ದರು. ಪ್ರೆಸ್ಬಿಟೇರಿಯನ್ ಪಾದ್ರಿ ಜಾನ್ ರ‍್ಯಾಂಕಿನ್ ಅವರ ಮನೆ ಊರಿನ ಗುಡ್ಡದ ಮೇಲಿತ್ತು. ಅದರ ಕಿಟಕಿಯ ದೀಪ ಆಚೆ ದಡದ ಕೆಂಟಕಿಗೆ ಕಾಣುತ್ತಿತ್ತು. ಮಗುವನ್ನು ಎತ್ತಿಕೊಂಡು ಒಡೆಯುತ್ತಿದ್ದ ಮಂಜಿನ ಮೇಲೆ ನದಿ ದಾಟಿ ಬಂದ ಹೆಂಗಸೊಬ್ಬಳ ಸಂಗತಿ ಈ ಮನೆಗೆ ಸಂಬಂಧಿಸಿದ್ದು. ಹ್ಯಾರಿಯೆಟ್ ಬೀಚರ್ ಸ್ಟೋವ್ ಅವರ ‘ಅಂಕಲ್ ಟಾಮ್ಸ್ ಕ್ಯಾಬಿನ್’ (1852) ಕಾದಂಬರಿಯ ಎಲೈಜಾ ಪಾತ್ರಕ್ಕೆ ಅದು ಪ್ರೇರಣೆಯಾಯಿತೆಂದು ಹೇಳಲಾಗುತ್ತದೆ.

ಜಾನ್ ಪಿ. ಪಾರ್ಕರ್ ಗುಲಾಮರಾಗಿ ಹುಟ್ಟಿ, 1845ರಲ್ಲಿ 1,800 ಡಾಲರ್ ತೆತ್ತು ಬಿಡುಗಡೆ ಪಡೆದವರು. ರಿಪ್ಲಿಯಲ್ಲಿ ಕಬ್ಬಿಣ ಎರಕದ ಕಾರ್ಖಾನೆ ನಡೆಸಿ ಯಂತ್ರೋಪಕರಣಗಳಿಗೆ ಪೇಟೆಂಟ್ ಪಡೆದರು. ಹಗಲು ಕಾರ್ಖಾನೆ, ರಾತ್ರಿ ದೋಣಿ. ನದಿ ದಾಟಿ ಬಂದವರಿಗೆ ಆಶ್ರಯ ಕೊಡುವುದಷ್ಟೇ ಅಲ್ಲದೆ, ತಾವೇ ಕೆಂಟಕಿಯ ದಡಕ್ಕೆ ಹೋಗಿ ಜನರನ್ನು ಕರೆತರುತ್ತಿದ್ದರು.

### ಥಾಮಸ್ ಗ್ಯಾರೆಟ್

ಗುಲಾಮಗಿರಿ ಇನ್ನೂ ಕಾನೂನುಬದ್ಧವಾಗಿದ್ದ ಡೆಲವೇರ್ ರಾಜ್ಯದ ವಿಲ್ಮಿಂಗ್ಟನ್‌ನಲ್ಲಿ ಕಬ್ಬಿಣದ ವ್ಯಾಪಾರಿಯಾಗಿದ್ದ ಗ್ಯಾರೆಟ್, ಸುಮಾರು 2,700 ಜನರಿಗೆ ನೆರವಾದರೆಂದು ಲೆಕ್ಕ. 1848ರಲ್ಲಿ ಅವರ ಮೇಲೆ ಮೊಕದ್ದಮೆ ನಡೆದು ಭಾರೀ ದಂಡ ವಿಧಿಸಲಾಯಿತು. ಆ ಬಳಿಕವೂ ಅವರು ಈ ಕೆಲಸವನ್ನು ನಿಲ್ಲಿಸಲಿಲ್ಲ. ಟಬ್‌ಮನ್ ಅವರ ಹಲವು ತಂಡಗಳು ಗ್ಯಾರೆಟ್ ಅವರ ಮನೆಯ ಮೂಲಕವೇ ಸಾಗಿದವು.

## ಗಮನಾರ್ಹ ಪಲಾಯನಗಳು

ಕ್ರಾಫ್ಟ್ ದಂಪತಿ (1848): ಜಾರ್ಜಿಯಾದ ಎಲೆನ್ ಕ್ರಾಫ್ಟ್ ಅವರದು ತಿಳಿಬಣ್ಣ. ಅವರು ರೋಗಿಷ್ಠನಾದ ಬಿಳಿಯ ತರುಣ ಜಮೀನ್ದಾರನ ವೇಷ ಧರಿಸಿದರು. ಪತಿ ವಿಲಿಯಂ ಸೇವಕನಂತೆ ನಟಿಸಿದರು. ಎಲೆನ್‌ಗೆ ಬರೆಯಲು ಬಾರದ ಕಾರಣ ಹೋಟೆಲುಗಳಲ್ಲಿ ಸಹಿ ಮಾಡುವುದನ್ನು ತಪ್ಪಿಸಿಕೊಳ್ಳಲು ಬಲಗೈಯನ್ನು ಪಟ್ಟಿಯಲ್ಲಿ ತೂಗುಹಾಕಿಕೊಂಡಿದ್ದರು. ರೈಲು ಮತ್ತು ಹಡಗುಗಳಲ್ಲಿ ಬಹಿರಂಗವಾಗಿಯೇ ಪ್ರಯಾಣಿಸಿ ಕ್ರಿಸ್‌ಮಸ್ ದಿನ ಫಿಲಡೆಲ್ಫಿಯಾ ತಲಪಿದರು.

ಹೆನ್ರಿ ‘ಬಾಕ್ಸ್’ ಬ್ರೌನ್ (1849): ಹೆಂಡತಿ ಮಕ್ಕಳನ್ನು ಮಾರಿದ ಬಳಿಕ ವರ್ಜೀನಿಯಾದ ರಿಚ್ಮಂಡ್‌ನ ಬ್ರೌನ್, ಮರದ ಪೆಟ್ಟಿಗೆಯೊಂದರಲ್ಲಿ ತಮ್ಮನ್ನು ತಾವೇ ಪಾರ್ಸೆಲ್ ಮಾಡಿಸಿಕೊಂಡು ಫಿಲಡೆಲ್ಫಿಯಾಕ್ಕೆ ಬಂದರು. ಪ್ರಯಾಣಕ್ಕೆ 27 ಗಂಟೆ ಹಿಡಿಯಿತು. ದಾರಿಯಲ್ಲಿ ಸ್ವಲ್ಪ ಹೊತ್ತು ಪೆಟ್ಟಿಗೆ ತಲೆಕೆಳಗಾಗಿಯೇ ಇತ್ತು. ನೆರವಾಗಿದ್ದ ಸ್ಯಾಮ್ಯುಯೆಲ್ ಸ್ಮಿತ್ ಮತ್ತೆ ಅದೇ ಬಗೆಯಲ್ಲಿ ಇತರರನ್ನು ಕಳುಹಿಸಲು ಯತ್ನಿಸಿ ಸೆರೆಮನೆ ಸೇರಿದರು.

ಪರ್ಲ್ ಹಡಗು (1848): ರಾಜಧಾನಿ ವಾಷಿಂಗ್ಟನ್‌ನಿಂದ 77 ಜನರು ಪರ್ಲ್ ಎಂಬ ಹಾಯಿಹಡಗಿನಲ್ಲಿ ಹೊರಟರು. ಗಾಳಿ ಪ್ರತಿಕೂಲವಾಗಿ ಹಡಗು ಸಿಕ್ಕಿಬಿದ್ದಿತು. ಅವರಲ್ಲಿ ಬಹುಮಂದಿಯನ್ನು ದಕ್ಷಿಣಕ್ಕೆ ಮಾರಲಾಯಿತು. ಹಡಗನ್ನು ಗೊತ್ತುಮಾಡಿದ್ದ ಡೇನಿಯಲ್ ಡ್ರೇಟನ್ 1852ರಲ್ಲಿ ರಾಷ್ಟ್ರಾಧ್ಯಕ್ಷರ ಕ್ಷಮಾದಾನ ದೊರೆಯುವವರೆಗೆ ಸೆರೆಯಲ್ಲಿದ್ದರು.

ಮಾರ್ಗರೆಟ್ ಗಾರ್ನರ್ (1856): ಹೆಪ್ಪುಗಟ್ಟಿದ ಓಹಾಯೊ ನದಿಯನ್ನು ಕುಟುಂಬದೊಂದಿಗೆ ದಾಟಿ ಸಿನ್ಸಿನಾಟಿ ಸೇರಿದ ಗಾರ್ನರ್, ಹಿಡಿಯಲು ಬಂದವರು ಮನೆಯನ್ನು ಸುತ್ತುವರಿದಾಗ, ಮತ್ತೆ ಗುಲಾಮಳಾಗುವುದು ಬೇಡವೆಂದು ತಮ್ಮ ಪುಟ್ಟ ಮಗಳನ್ನು ತಾವೇ ಕೊಂದರು. ನ್ಯಾಯಾಲಯ ಅವರನ್ನು ಒಡೆಯನಿಗೇ ಒಪ್ಪಿಸಿತು. ಟೋನಿ ಮಾರಿಸನ್ ಅವರ ‘ಬಿಲವೆಡ್’ (1987) ಕಾದಂಬರಿಗೆ ಈ ಘಟನೆ ಪ್ರೇರಣೆ.

## 1850ರ ಕಾಯಿದೆ ಮತ್ತು ಪ್ರತಿರೋಧ

ದಕ್ಷಿಣದ ರಾಜ್ಯಗಳ ಒತ್ತಾಯದ ಮೇರೆಗೆ 1850ರ ಸೆಪ್ಟೆಂಬರ್ 18ರಂದು ರಾಷ್ಟ್ರಾಧ್ಯಕ್ಷ ಮಿಲರ್ಡ್ ಫಿಲ್‌ಮೋರ್ ಹೊಸ ಪಲಾಯಿತ ಗುಲಾಮರ ಕಾಯಿದೆಗೆ ಅಂಕಿತ ಹಾಕಿದರು. ಅದರ ಮುಖ್ಯಾಂಶಗಳು ಇವು:

- ಓಡಿಬಂದವರಿಗೆ ನೆರವಾದವರಿಗೆ 1,000 ಡಾಲರ್‌ವರೆಗೆ ದಂಡ ಮತ್ತು 6 ತಿಂಗಳವರೆಗೆ ಸೆರೆವಾಸ
- ಬಂಧಿತರಿಗೆ ಜ್ಯೂರಿ ವಿಚಾರಣೆಯ ಹಕ್ಕಿಲ್ಲ. ತಮ್ಮ ಪರವಾಗಿ ಸಾಕ್ಷ್ಯ ನುಡಿಯುವ ಹಕ್ಕೂ ಇಲ್ಲ
- ವಿಚಾರಣಾ ಕಮಿಷನರ್ ಬಂಧಿತರನ್ನು ಒಡೆಯನಿಗೆ ಒಪ್ಪಿಸಿದರೆ 10 ಡಾಲರ್ ಶುಲ್ಕ, ಬಿಡುಗಡೆ ಮಾಡಿದರೆ 5 ಡಾಲರ್
- ಅಧಿಕಾರಿಗಳು ಕರೆದಾಗ ಸಾಮಾನ್ಯ ನಾಗರಿಕರೂ ಹಿಡಿಯುವ ಕೆಲಸಕ್ಕೆ ಸಹಕರಿಸಬೇಕು

ಹೀಗೆ ಗುಲಾಮಗಿರಿಯಿಲ್ಲದ ರಾಜ್ಯದ ಸಾಮಾನ್ಯ ಪ್ರಜೆಯೂ ಗುಲಾಮಗಿರಿಯ ಕಾವಲುಗಾರನಾಗಬೇಕಾಯಿತು. ವರ್ಷಗಳಿಂದ ಉತ್ತರದಲ್ಲಿ ನೆಲೆಸಿ ಸಂಸಾರ ಹೂಡಿದ್ದ ಸಾವಿರಾರು ಜನ ಕೆನಡಾಕ್ಕೆ ವಲಸೆ ಹೋದರು. ಬಾಸ್ಟನ್‌ನಲ್ಲಿದ್ದ ಕ್ರಾಫ್ಟ್ ದಂಪತಿ ಇಂಗ್ಲೆಂಡಿಗೆ ತೆರಳಿದರು.

ಕಾಯಿದೆ ನಿರೀಕ್ಷಿಸದಿದ್ದ ಪರಿಣಾಮವೂ ಉಂಟಾಯಿತು. ಅದುವರೆಗೆ ತಟಸ್ಥರಾಗಿದ್ದವರು ಬೀದಿಗಿಳಿದರು. 1851ರ ಸೆಪ್ಟೆಂಬರ್ 11ರಂದು ಪೆನ್ಸಿಲ್ವೇನಿಯಾದ ಕ್ರಿಸ್ಟಿಯಾನಾದಲ್ಲಿ ವಿಲಿಯಂ ಪಾರ್ಕರ್ ನೇತೃತ್ವದ ಕಪ್ಪು ಜನರು ಶಸ್ತ್ರ ಹಿಡಿದು ಪ್ರತಿಭಟಿಸಿದಾಗ ಮೇರಿಲ್ಯಾಂಡಿನ ಒಡೆಯ ಎಡ್ವರ್ಡ್ ಗಾರ್ಸಚ್ ಹತನಾದನು. 38 ಜನರ ಮೇಲೆ ರಾಜದ್ರೋಹದ ಆರೋಪ ಹೊರಿಸಲಾಯಿತು, ಯಾರಿಗೂ ಶಿಕ್ಷೆಯಾಗಲಿಲ್ಲ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸಿರಕ್ಯೂಸ್ ಜನತೆ ಜೆರ್ರಿ ಎಂಬವರನ್ನು ಠಾಣೆಯಿಂದಲೇ ಬಿಡಿಸಿ ಕೆನಡಾಕ್ಕೆ ಕಳುಹಿಸಿತು. 1854ರಲ್ಲಿ ಬಾಸ್ಟನ್‌ನಲ್ಲಿ ಆಂಟನಿ ಬರ್ನ್ಸ್ ಅವರನ್ನು ಬಿಡಿಸುವ ಯತ್ನ ವಿಫಲವಾಯಿತು. ಸೈನಿಕರ ಕಾವಲಿನಲ್ಲಿ ಅವರನ್ನು ಹಡಗಿಗೆ ಒಯ್ಯುವ ದೃಶ್ಯವನ್ನು ಬೀದಿಯ ಇಕ್ಕೆಲಗಳಲ್ಲಿ ನೆರೆದ ಅಪಾರ ಜನ ನೋಡಿದರು. 1858ರಲ್ಲಿ ಒಬರ್ಲಿನ್ ಮತ್ತು ವೆಲಿಂಗ್ಟನ್ ಊರವರು ಜಾನ್ ಪ್ರೈಸ್ ಎಂಬವರನ್ನು ಬಿಡಿಸಿದಾಗ 37 ಜನರ ಮೇಲೆ ಮೊಕದ್ದಮೆ ಹೂಡಲಾಯಿತು, ಇಬ್ಬರಿಗೆ ಶಿಕ್ಷೆಯಾಯಿತು.

## ನೆರವಾದವರು ತೆತ್ತ ಬೆಲೆ

ಉತ್ತರದಲ್ಲಿ ಸಿಕ್ಕಿಬಿದ್ದ ಬಿಳಿಯರಿಗೆ ಸಾಮಾನ್ಯವಾಗಿ ದಂಡ ಅಥವಾ ಅಲ್ಪಾವಧಿಯ ಸೆರೆ ವಿಧಿಸಲಾಗುತ್ತಿತ್ತು. ದಕ್ಷಿಣದಲ್ಲಿ ಸಿಕ್ಕಿಬಿದ್ದರೆ ಶಿಕ್ಷೆ ಘೋರವಾಗಿತ್ತು. ಚಾರ್ಲ್ಸ್ ಟಾರಿ ಎಂಬ ಪಾದ್ರಿ 1846ರಲ್ಲಿ ಮೇರಿಲ್ಯಾಂಡಿನ ಸೆರೆಮನೆಯಲ್ಲಿ ಕ್ಷಯರೋಗದಿಂದ ಮೃತರಾದರು. ಫ್ಲಾರಿಡಾದಿಂದ ದೋಣಿಯಲ್ಲಿ ಜನರನ್ನು ಸಾಗಿಸಲು ಯತ್ನಿಸಿದ ಜೊನಾಥನ್ ವಾಕರ್ ಅವರ ಅಂಗೈಗೆ 1844ರಲ್ಲಿ ‘ಗುಲಾಮಗಳ್ಳ’ ಎಂಬ ಅರ್ಥದ ಎರಡಕ್ಷರಗಳ ಬರೆ ಹಾಕಲಾಯಿತು. ಕ್ಯಾಲ್ವಿನ್ ಫೇರ್‌ಬ್ಯಾಂಕ್ ಕೆಂಟಕಿಯ ಸೆರೆಮನೆಯಲ್ಲಿ ಒಟ್ಟು 17 ವರ್ಷಗಳಿಗೂ ಹೆಚ್ಚು ಕಾಲ ಕಳೆದರು. ಕಪ್ಪು ಜನರ ಪಾಡು ಇನ್ನೂ ಕಠಿಣ. ಮೇರಿಲ್ಯಾಂಡಿನ ಸ್ವತಂತ್ರ ಕಪ್ಪು ಧರ್ಮಬೋಧಕ ಸ್ಯಾಮ್ಯುಯೆಲ್ ಗ್ರೀನ್ ಅವರು ಜಾಲಕ್ಕೆ ನೆರವಾಗುತ್ತಿದ್ದಾರೆಂಬ ಅನುಮಾನವಿತ್ತು. ಪುರಾವೆ ದೊರೆಯದಿದ್ದಾಗ, ಮನೆಯಲ್ಲಿ ‘ಅಂಕಲ್ ಟಾಮ್ಸ್ ಕ್ಯಾಬಿನ್’ ಪುಸ್ತಕವನ್ನು ಇಟ್ಟುಕೊಂಡಿದ್ದಕ್ಕಾಗಿ 1857ರಲ್ಲಿ ಅವರಿಗೆ 10 ವರ್ಷ ಸೆರೆವಾಸ ವಿಧಿಸಲಾಯಿತು.

## ಕೆನಡಾದ ಬದುಕು

ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮಗಿರಿಯನ್ನು ರದ್ದುಪಡಿಸಿದ ಕಾಯಿದೆ 1834ರ ಆಗಸ್ಟ್ 1ರಿಂದ ಜಾರಿಗೆ ಬಂದಿತು. ಅದಕ್ಕೂ ಮೊದಲೇ, 1833ರಲ್ಲಿ ಡೆಟ್ರಾಯಿಟ್‌ನಿಂದ ಪಾರಾಗಿ ಬಂದ ಥಾರ್ನ್‌ಟನ್ ಬ್ಲ್ಯಾಕ್‌ಬರ್ನ್ ದಂಪತಿಯನ್ನು ಹಿಂದಿರುಗಿಸಲು ಕೆನಡಾದ ಆಡಳಿತ ನಿರಾಕರಿಸಿತ್ತು. ಬ್ಲ್ಯಾಕ್‌ಬರ್ನ್ ಮುಂದೆ ಟೊರಾಂಟೊದ ಮೊದಲ ಬಾಡಿಗೆ ಸಾರೋಟು ಸಂಸ್ಥೆಯನ್ನು ಆರಂಭಿಸಿದರು.

ಜೋಸಾಯ ಹೆನ್ಸನ್ ಮತ್ತಿತರರು ಡ್ರೆಸ್ಡನ್ ಬಳಿ ಡಾನ್ ಎಂಬ ನೆಲೆಯನ್ನು ಕಟ್ಟಿದರು. ವಿಲಿಯಂ ಕಿಂಗ್ 1849ರಲ್ಲಿ ಸ್ಥಾಪಿಸಿದ ಬಕ್ಸ್‌ಟನ್ ನೆಲೆ ತನ್ನ ಶಾಲೆಗೆ ಹೆಸರಾಯಿತು. ಹೆನ್ರಿ ಬಿಬ್ 1851ರಲ್ಲಿ, ಮೇರಿ ಆನ್ ಶ್ಯಾಡ್ 1853ರಲ್ಲಿ ಪತ್ರಿಕೆಗಳನ್ನು ಹೊರಡಿಸಿದರು. ಆದರೆ ಕೆನಡಾದಲ್ಲಿಯೂ ವರ್ಣಭೇದವಿತ್ತು. ಮೇಲ್ಕೆನಡಾದ ಅನೇಕ ಊರುಗಳಲ್ಲಿ ಕಪ್ಪು ಮಕ್ಕಳನ್ನು ಪ್ರತ್ಯೇಕ ಶಾಲೆಗಳಿಗೆ ದೂಡಲಾಯಿತು. ಅಂತರ್ಯುದ್ಧದ ಬಳಿಕ ಅನೇಕರು ಅಮೆರಿಕಕ್ಕೆ ಹಿಂದಿರುಗಿದರು.

## ಅಂಕಿಅಂಶಗಳು ಮತ್ತು ಪರಿಣಾಮ

ಗುಪ್ತ ಕಾರ್ಯವಾದುದರಿಂದ ನಿಖರವಾದ ಲೆಕ್ಕ ಸಾಧ್ಯವಿಲ್ಲ. 1830ರಿಂದ 1860ರವರೆಗೆ ವರ್ಷಕ್ಕೆ 1,000ದಿಂದ 5,000 ಜನರು ಗುಲಾಮಗಿರಿಯಿಂದ ಪಾರಾದರೆಂದು ಇತಿಹಾಸಕಾರರು ಅಂದಾಜಿಸುತ್ತಾರೆ. ಕೆನಡಾ ಸೇರಿದವರ ಸಂಖ್ಯೆ 30,000ದಿಂದ 40,000 ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಂದಾಜು. ಇನ್ನೊಂದೆಡೆ, 1860ರ ಸರ್ಕಾರಿ ಜನಗಣತಿ ಆ ವರ್ಷ ಓಡಿಹೋದವರು 803 ಮಂದಿ ಎಂದಷ್ಟೇ ದಾಖಲಿಸಿದೆ.

39 ಲಕ್ಷ ಗುಲಾಮರ ಎದುರು ಈ ಸಂಖ್ಯೆ ಚಿಕ್ಕದು. ಆದರೆ ರಾಜಕೀಯ ಪರಿಣಾಮ ಚಿಕ್ಕದಾಗಿರಲಿಲ್ಲ. ಗುಲಾಮರು ತಮ್ಮ ಸ್ಥಿತಿಯಲ್ಲಿ ಸಂತೃಪ್ತರೆಂಬ ದಕ್ಷಿಣದ ವಾದವನ್ನು ಪ್ರತಿಯೊಂದು ಪಲಾಯನವೂ ಸುಳ್ಳಾಗಿಸಿತು. 1860ರಲ್ಲಿ ಸೌತ್ ಕೆರೊಲಿನಾ ಒಕ್ಕೂಟದಿಂದ ಬೇರ್ಪಟ್ಟಾಗ, ಉತ್ತರದ ರಾಜ್ಯಗಳು ಓಡಿಹೋದ ಗುಲಾಮರನ್ನು ಹಿಂದಿರುಗಿಸದೆ ಇರುವುದನ್ನು ತನ್ನ ಘೋಷಣೆಯಲ್ಲಿ ಒಂದು ಮುಖ್ಯ ಕಾರಣವಾಗಿ ಹೇಳಿತು. ಪಲಾಯಿತ ಗುಲಾಮರ ಕಾಯಿದೆಗಳು 1864ರಲ್ಲಿ ರದ್ದಾದವು. 1865ರಲ್ಲಿ ಸಂವಿಧಾನದ 13ನೆಯ ತಿದ್ದುಪಡಿ ಗುಲಾಮಗಿರಿಯನ್ನೇ ಕೊನೆಗಾಣಿಸಿತು.

## ಐತಿಹ್ಯ ಮತ್ತು ಇತಿಹಾಸ

ಈ ಜಾಲದ ಸುತ್ತ ಅನೇಕ ಕಥೆಗಳು ಬೆಳೆದಿವೆ. ವಿದ್ಯಾರ್ಥಿಗಳು ಅವುಗಳನ್ನು ಎಚ್ಚರದಿಂದ ಬಳಸಬೇಕು.

- ಟಬ್‌ಮನ್ 19 ಪ್ರಯಾಣಗಳಲ್ಲಿ 300 ಜನರನ್ನು ಬಿಡಿಸಿದರೆಂಬ ಮಾತು 19ನೆಯ ಶತಮಾನದ ಜೀವನಚರಿತ್ರೆಯಿಂದ ಬಂದುದು. ಇಂದಿನ ಸಂಶೋಧನೆ ಸುಮಾರು 13 ಪ್ರಯಾಣ, 70 ಜನ ಎನ್ನುತ್ತದೆ. ಅವರ ತಲೆಗೆ 40,000 ಡಾಲರ್ ಬಹುಮಾನವಿತ್ತೆಂಬುದಕ್ಕೂ ಆಧಾರವಿಲ್ಲ.
- ಕೌದಿಗಳ ಚಿತ್ತಾರಗಳಲ್ಲಿ ದಾರಿಯ ಗುರುತುಗಳಿದ್ದವೆಂಬ ವಾದ 1999ರ ಪುಸ್ತಕವೊಂದರಿಂದ ಜನಪ್ರಿಯವಾಯಿತು. ಸಮಕಾಲೀನ ದಾಖಲೆಗಳಲ್ಲಿ ಇದಕ್ಕೆ ಪುರಾವೆ ದೊರೆತಿಲ್ಲ.
- ಮನೆಮನೆಯಲ್ಲಿ ಸುರಂಗಗಳಿದ್ದವೆಂಬ ನಂಬಿಕೆಯೂ ಹೆಚ್ಚಾಗಿ ‘ನೆಲದಡಿ’ ಎಂಬ ಹೆಸರನ್ನು ಅಕ್ಷರಶಃ ತೆಗೆದುಕೊಂಡದ್ದರ ಫಲ.

ವಿಲ್ಬರ್ ಸೀಬರ್ಟ್ 1898ರಲ್ಲಿ ಪ್ರಕಟಿಸಿದ ಗ್ರಂಥ ನೆರವಾದವರಲ್ಲಿ 3,000ಕ್ಕೂ ಹೆಚ್ಚು ಜನರ ಹೆಸರುಗಳನ್ನು ಸಂಗ್ರಹಿಸಿತು. ಅದು ಬಿಳಿಯ ನೆರವುಗಾರರ ನೆನಪುಗಳನ್ನೇ ಹೆಚ್ಚು ಅವಲಂಬಿಸಿತ್ತು. 1961ರಲ್ಲಿ ಲ್ಯಾರಿ ಗಾರಾ ಈ ಚಿತ್ರವನ್ನು ಪ್ರಶ್ನಿಸಿ, ಓಡಿಬಂದವರ ಸ್ವಂತ ಸಾಹಸವೇ ಕೇಂದ್ರ ಸಂಗತಿಯೆಂದು ವಾದಿಸಿದರು. ನ್ಯೂಯಾರ್ಕಿನ ಪತ್ರಿಕಾ ಸಂಪಾದಕ ಸಿಡ್ನಿ ಹೊವರ್ಡ್ ಗೇ 1855–56ರಲ್ಲಿ ಬರೆದಿಟ್ಟ ದಾಖಲೆಯನ್ನು ಬಳಸಿ ಎರಿಕ್ ಫೋನರ್ 2015ರಲ್ಲಿ ಪ್ರಕಟಿಸಿದ ಅಧ್ಯಯನ, ಕಪ್ಪು ಮತ್ತು ಬಿಳಿಯ ಕಾರ್ಯಕರ್ತರು ಕೂಡಿ ದುಡಿದ ಸ್ಥಳೀಯ ಜಾಲಗಳು ನಿಜವಾಗಿಯೂ ಇದ್ದವೆಂಬುದನ್ನು ತೋರಿಸಿತು.

ಈ ಮಾರ್ಗದ ಬಗ್ಗೆ ಬಹಿರಂಗವಾಗಿ ಮಾತನಾಡುವುದು ಸರಿಯೇ ಎಂಬ ಚರ್ಚೆ ಅಂದೂ ಇತ್ತು. ಅತಿಯಾದ ಪ್ರಚಾರ ಒಡೆಯರನ್ನು ಎಚ್ಚರಿಸುತ್ತದೆಂದು ಫ್ರೆಡರಿಕ್ ಡಗ್ಲಸ್ 1845ರ ತಮ್ಮ ಆತ್ಮಕಥೆಯಲ್ಲಿ ಆಕ್ಷೇಪಿಸಿದ್ದರು. ತಾವು ಹೇಗೆ ಪಾರಾದೆವೆಂಬುದನ್ನು ಗುಲಾಮಗಿರಿ ಕೊನೆಗೊಳ್ಳುವವರೆಗೆ ಅವರು ಮುದ್ರಿಸಲಿಲ್ಲ.

## ಸ್ಮರಣೆ

1998ರಲ್ಲಿ ಅಮೆರಿಕದ ಕಾಂಗ್ರೆಸ್ ಅಂಗೀಕರಿಸಿದ ಕಾಯಿದೆಯಂತೆ, ಜಾಲಕ್ಕೆ ಸಂಬಂಧಿಸಿದ ಸ್ಥಳಗಳನ್ನು ಗುರುತಿಸಿ ರಕ್ಷಿಸುವ ಕಾರ್ಯವನ್ನು ರಾಷ್ಟ್ರೀಯ ಉದ್ಯಾನ ಸೇವೆ ನಡೆಸುತ್ತಿದೆ. ಸಿನ್ಸಿನಾಟಿಯಲ್ಲಿ ಓಹಾಯೊ ನದಿಯ ದಂಡೆಯ ಮೇಲೆ 2004ರಲ್ಲಿ ರಾಷ್ಟ್ರೀಯ ವಸ್ತುಸಂಗ್ರಹಾಲಯ ತೆರೆಯಿತು. ರಿಪ್ಲಿಯ ರ‍್ಯಾಂಕಿನ್ ಮತ್ತು ಪಾರ್ಕರ್ ಮನೆಗಳು, ಇಂಡಿಯಾನದ ಕಾಫಿನ್ ಮನೆ, ಆಬರ್ನ್‌ನ ಟಬ್‌ಮನ್ ಮನೆ ಇಂದು ಸಂದರ್ಶಕರಿಗೆ ತೆರೆದಿರುವ ಸ್ಮಾರಕಗಳು. ಜಾಲವನ್ನು ನಿಜವಾದ ನೆಲದಡಿಯ ರೈಲಾಗಿ ಕಲ್ಪಿಸಿ ಕೋಲ್ಸನ್ ವೈಟ್‌ಹೆಡ್ ಬರೆದ ಕಾದಂಬರಿ (2016) 2017ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆಯಿತು.